ಕಿಟಕಿಯಿಂದ ಹಾಲು ಕರೆದ ಗೊಣಗಣ್ಣ

ಗೊಣಗಣ್ಣನಿಗೆ ಅಪ್ಪ ಅಮ್ಮ ಇಟ್ಟ ಒಳ್ಳೆಯ ಹೆಸರೊಂದು ಇತ್ತು. ಅದು ಗುರುತಿನ ಚೀಟಿಯಲ್ಲಿ ಬೆಚ್ಚಗೆ ಮಲಗಿತ್ತು. ಬೀದಿಯವರು ಯಾರೂ ಅದನ್ನು ಎಬ್ಬಿಸುವ ಗೋಜಿಗೆ ಹೋಗಲಿಲ್ಲ. ಬೆಳಿಗ್ಗೆ ಐದೂವರೆಗೊಮ್ಮೆ, ಸಂಜೆ ಐದೂವರೆಗೊಮ್ಮೆ ಅವನ ಮನೆ ಪಕ್ಕದ ಕೊಟ್ಟಿಗೆಯಿಂದ ಹೊರಡುತ್ತಿದ್ದ ಗೊಣಗೊಣ ಶಬ್ದವೇ ಅವನ ಹೆಸರಾಗಿ ನಿಂತುಬಿಟ್ಟಿತು.

ಹಸು ಒಂದೇ. ಅದಕ್ಕೆ ಅವನಿಟ್ಟ ಹೆಸರು ‘ಮೇಡಂ’. ತಪಾಸಣೆಗೆ ಬಂದ ಅಧಿಕಾರಿಣಿಯ ಹಾಗೆ ಎಲ್ಲವನ್ನೂ ಮೂಸಿ, ಯಾವುದನ್ನೂ ಒಪ್ಪದೆ ಮುಖ ತಿರುಗಿಸುವುದು ಅದರ ಸ್ವಭಾವ. ಕರು ಬೆಳೆದು ಹುಲ್ಲಿನ ದಾರಿ ಹಿಡಿದ ಮೇಲೆ ಮೇಡಂ ಸೊರೆ ಬಿಟ್ಟು ಹಾಲಿಳಿಸಬೇಕಾದರೆ ಒಂದೇ ಉಪಾಯ. ಗೊಣಗಣ್ಣ ಮೋಟು ಸ್ಟೂಲಿನ ಮೇಲೆ ಕೂತು, ಬಕೆಟ್ಟನ್ನು ಮೊಣಕಾಲಲ್ಲಿ ಅವುಚಿಕೊಂಡು, ಎಡಗೆನ್ನೆಯನ್ನು ಅದರ ಹೊಟ್ಟೆಗೆ ಒತ್ತಿ, ಗೊಣಗಬೇಕು. ಏನನ್ನು? ಅದು ಎಂಟು ವರ್ಷಗಳಿಂದ ಅವರಿಬ್ಬರ ನಡುವಿನ ಗುಟ್ಟು. ಮನೆಯಲ್ಲಿ ಅವನು ಆಡುತ್ತಿದ್ದುದು ‘ಹೂಂ’, ‘ಆಯ್ತು’, ‘ಚೆನ್ನಾಗಿದೆ’ ಎಂಬ ಮೂರು ಮಾತು. ಈ ಮೂರರ ಬಲದಿಂದಲೇ ಸಂಸಾರ ಇಪ್ಪತ್ತಾರು ವರ್ಷ ಸುಸೂತ್ರವಾಗಿ ನಡೆದಿತ್ತು. ಮಿಕ್ಕಿದ್ದೆಲ್ಲ ಮೇಡಂ ಪಾಲಿಗೆ.

ಹೀಗಿರುವಾಗ ಅವನಿಗೆ ಜ್ವರ ಬಂತು. ಮೂಗಿಗೆ ಕಡ್ಡಿ ಹಾಕಿಸಿಕೊಂಡು ಬಂದ ಮರುದಿನ ಫಲಿತಾಂಶವೂ ಬಂತು. ಶಾಲೆಯಲ್ಲಿ ಒಂದೊಂದು ಕ್ಲಾಸಿಗೂ ಎರಡೆರಡು ಸಲ ದಂಡಯಾತ್ರೆ ಮಾಡಿದವನು ಈ ಪರೀಕ್ಷೆಯಲ್ಲಿ ಮಾತ್ರ ಮೊದಲ ಪ್ರಯತ್ನಕ್ಕೇ ಪಾಸು. ಪಾಸಿಟಿವ್.

ಸುದ್ದಿ ಕೇಳಿದ ಹೆಂಡತಿ ಕುರ್ಚಿ ಹಿಡಿದುಕೊಂಡು ಕೇಳಿದ ಮೊದಲ ಪ್ರಶ್ನೆ: “ಅಯ್ಯೋ! ಮೇಡಂಗೂ ಅಂಟಿಸಿಬಿಟ್ರಾ?”

ಗೊಣಗಣ್ಣ “ಹೂಂ” ಅನ್ನಲಿಲ್ಲ, “ಆಯ್ತು” ಅನ್ನಲಿಲ್ಲ, “ಚೆನ್ನಾಗಿದೆ” ಎನ್ನಲು ಜಾಗವೇ ಇರಲಿಲ್ಲ. ಮೆಟ್ಟಿಲು ಹತ್ತಿ ಮಹಡಿಯ ಕೋಣೆ ಸೇರಿದ.

ಅರ್ಧ ಗಂಟೆಯಲ್ಲಿ ಹೆಂಡತಿಯ ಅಣ್ಣ ಗೇಟಿನ ಬಳಿ ಹಾಜರಾದ. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಮುದ್ರೆ ಒತ್ತಿ ನಿವೃತ್ತನಾದ ಈ ಭಾವ, ಫೋನಿಗೆ ಬಂದ ಸಂದೇಶಗಳನ್ನು ಅದೇ ನಿಷ್ಠೆಯಿಂದ, ಒಂದನ್ನೂ ಒಡೆದು ನೋಡದೆ, ಊರಿಗೆಲ್ಲ ಬಟವಾಡೆ ಮಾಡುತ್ತಿದ್ದ. ಅವನ ತೊಡೆ ಬಿಟ್ಟಿಳಿಯದ ಬೂದು ಬೆಕ್ಕು ಈಗಲೂ ಕಂಕುಳಲ್ಲಿತ್ತು.

“ನೋಡಮ್ಮ ತಂಗಿ, ವಿಷಯ ಗಂಭೀರ. ದಿನಕ್ಕೆ ಎರಡು ಸಲ ಹಸುವಿಗೆ ಕೆನ್ನೆ ಒತ್ತಿಕೊಂಡು ಉಸಿರು ಬಿಟ್ಟಿದಾನೆ ನಿನ್ನ ಗಂಡ. ಹಸುವಿಗೆ ಬಂದೇ ಇರುತ್ತೆ. ಹಸುವಿನಿಂದ ಹಾಲಿಗೆ, ಹಾಲಿನಿಂದ ಬೀದಿಗೆ!”

“ಅಣ್ಣ, ಬೆಳಿಗ್ಗೆ ಮೇಡಂ ಒಂದ್ಸಲ ಸೀನಿದ್ಲು.”

“ಸೀನಿದ್ಲಾ! ಮುಗೀತು. ಮಾಸ್ಕ್ ಹಾಕು.”

“ಯಾರಿಗೆ?”

“ಹಸುವಿಗಮ್ಮ! ದಿಂಬಿನ ಕವರಿಗೆ ಎರಡು ದಾರ ಹೊಲಿ.”

ದಿಂಬಿನ ಕವರಿನ ಮೇಲೆ ‘ಶುಭರಾತ್ರಿ’ ಎಂದು ದಾರದಲ್ಲಿ ಹೆಣೆದಿತ್ತು. ಮೇಡಂ ಅದನ್ನು ಮೂತಿಯ ಮೇಲೆ ನಾಲ್ಕು ನಿಮಿಷ ಧರಿಸಿ, ಐದನೆಯ ನಿಮಿಷಕ್ಕೆ ‘ಶುಭ’ವನ್ನು ನುಂಗಿ, ‘ರಾತ್ರಿ’ಯನ್ನು ಮೆಲುಕು ಹಾಕತೊಡಗಿತು.

ಸಂಜೆ ಹೆಂಡತಿ ಕರೆಯಲು ಕೂತಳು. ಹಾಲಿಲ್ಲ. ಮೇಡಂ ಹಾಲನ್ನೆಲ್ಲ ಮೇಲಕ್ಕೆಳೆದುಕೊಂಡು, ನೀನು ಯಾರು ಎಂಬಂತೆ ಹಿಂತಿರುಗಿ ನೋಡಿತು. ಗಂಡನ ಅಂಗಿ ತೊಟ್ಟು ಕೂತಳು. ಹಾಲಿಲ್ಲ. ಮರುದಿನ ಬೆಳಿಗ್ಗೆ ಗೊಣಗಣ್ಣನೇ ಜ್ವರದಲ್ಲಿ ತೂರಾಡುತ್ತ ಇಳಿದು ಬಂದ. ಭಾವನ ಆಜ್ಞೆಯಂತೆ ರೈನ್‌ಕೋಟು, ಎರಡು ಮಾಸ್ಕು, ಕೈಗವಸು, ಕಣ್ಣಿಗೆ ವೆಲ್ಡಿಂಗ್ ಕನ್ನಡಕ. ಗ್ರಹಾಂತರದಿಂದ ಇಳಿದ ಆ ಪ್ರಾಣಿಯನ್ನು ಕಂಡದ್ದೇ ಮೇಡಂ ಒಂದೇ ಒದೆಗೆ ಬಕೆಟ್ಟನ್ನು ಗೋಡೆಗೆ ಕಳಿಸಿ, ಎರಡನೆಯದನ್ನು ಅವನಿಗೆಂದು ಎತ್ತಿ ಹಿಡಿಯಿತು. ಅವನು ಮತ್ತೆ ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಂದು, ಮೆಟ್ಟಿಲ ಮೇಲೇ ಎರಡು ಸಲ ಕೂತ.

ಅಷ್ಟು ಹೊತ್ತಿಗೆ ಕೆಚ್ಚಲು ಕಲ್ಲಾಗಿತ್ತು. ಮುಟ್ಟಿದರೆ ಬಿಸಿ. ಹೆಂಡತಿ ದನದ ಡಾಕ್ಟರಮ್ಮನಿಗೆ ಫೋನು ಹಚ್ಚಿದಳು. ಮಹಡಿಯವರೆಗೂ ಕೇಳಲಿ ಎಂದು ಸ್ಪೀಕರು ಒತ್ತಿದಳು. ಗೇಟಿನಲ್ಲಿ ಭಾವ ಕಿವಿ ನಿಮಿರಿಸಿ ನಿಂತ.

“ಡಾಕ್ಟ್ರಮ್ಮ, ಕೊರೊನಾ ನಮ್ಮ ಹಸುವಿನ ಕೆಚ್ಚಲಿಗೆ ಇಳಿದುಬಿಟ್ಟಿದೆ!”

“ಯಾರಮ್ಮ ಹಾಗಂದಿದ್ದು?”

“ನಮ್ಮಣ್ಣ.”

“ಅವರು ಯಾವ ಡಾಕ್ಟ್ರು?”

“ಅಂಚೆ ಕಚೇರಿ.”

ಅತ್ತ ಕಡೆ ಒಂದು ನಿಟ್ಟುಸಿರು. “ಕೇಳಿ ಇಲ್ಲಿ. ದನಕ್ಕೆ ಮನುಷ್ಯರಿಂದ ಇದು ಅಂಟೋದು ತೀರಾ ಕಷ್ಟ. ಪ್ರಯೋಗಕ್ಕೆ ಅಂತ ದನಗಳ ಮೂಗಿಗೇ ವೈರಸ್ ಬಿಟ್ಟು ನೋಡಿದಾರೆ, ಬಹುಪಾಲಿಗೆ ಹತ್ತಲೇ ಇಲ್ಲ. ಹತ್ತಿದ ಒಂದೆರಡಕ್ಕೂ ಕಾಯಿಲೆ ಅನ್ನೋಷ್ಟು ಏನಾಗ್ಲಿಲ್ಲ. ಕೋಳಿಗಂತೂ ಇಲ್ಲ. ಹಂದಿಗೂ ಅಷ್ಟಕ್ಕಷ್ಟೆ. ತುಪ್ಪಳಕ್ಕೆ ಸಾಕ್ತಾರಲ್ಲ ಮಿಂಕ್ ಅಂತ, ಅದಕ್ಕೆ ಚೆನ್ನಾಗಿ ಅಂಟುತ್ತೆ. ನಿಮ್ಮಲ್ಲಿ ಮಿಂಕ್ ಇದೆಯಾ?”

“ಇಲ್ಲ.”

“ಇನ್ನು ಬೆಕ್ಕು. ಬೆಕ್ಕಿಗೆ ಮನೆಯವರಿಂದ ಬಂದ ಉದಾಹರಣೆ ಇದೆ.”

ಗೇಟಿನ ಬಳಿ ಬೂದು ಬೆಕ್ಕು, ಹುಟ್ಟಿದ ಮೇಲೆ ಮೊದಲ ಬಾರಿಗೆ, ಭಾವನ ಕಂಕುಳಿನಿಂದ ನೆಲಕ್ಕೆ ಇಳಿಸಲ್ಪಟ್ಟಿತು.

“ಕಾಯಿಲೆ ಇರೋರು ಪ್ರಾಣಿಗಳಿಂದಲೂ ಸ್ವಲ್ಪ ದೂರ ಇರಲಿ, ಒಳ್ಳೇದೇ. ಆದ್ರೆ ನಿಮ್ಮ ಯಜಮಾನರಿಂದ ಅಪಾಯ ಇರೋದು ಹಸುವಿಗಲ್ಲ, ನಿಮಗೆ. ಹಸುವಿಗೆ ಅಪಾಯ ಕೆಚ್ಚಲು ಬಾವಿನಿಂದ. ಇವತ್ತು ಹಾಲು ಖಾಲಿ ಆಗ್ಲೇಬೇಕು. ಇಲ್ಲದಿದ್ರೆ ಕೆಚ್ಚಲೇ ಹೋಗಬಹುದು. ನಾನು ಮಧ್ಯಾಹ್ನ ಬರ್ತೀನಿ, ಅಷ್ಟರಲ್ಲಿ ಬಿಸಿನೀರು ಕಾವು ಕೊಟ್ಟು ಕರೀರಿ. ಅದು ಹೆದರಿದೆ ಅಷ್ಟೆ. ಕರೆಯೋವಾಗ ಅವರು ಏನು ಮಾಡ್ತಾರೆ?”

“ಏನ್ ಮಾಡ್ತಾರೆ? ಗೊಣಗ್ತಾರೆ.”

“ಮೇಲೆ ಕಿಟಕಿ ಇದೆಯಾ?”

“ಕೊಟ್ಟಿಗೆ ನೆತ್ತಿ ಮೇಲೇ ಇದೆ.”

“ಹಾಗಾದ್ರೆ ಅಲ್ಲಿಂದ ಗೊಣಗೋಕೆ ಹೇಳಿ.”

ಡಾಕ್ಟರಮ್ಮನಿಗೆ ಅದು ಸುಲಭದ ಚಿಕಿತ್ಸೆ. ಮಹಡಿಯಲ್ಲಿದ್ದವನ ಬೆವರು ಮಾತ್ರ ಜ್ವರಕ್ಕೆ ಸಂಬಂಧವಿಲ್ಲದೆ ಕಿತ್ತುಕೊಂಡು ಬಂತು. ಹೊಟ್ಟೆಗೆ ಕೆನ್ನೆಯಿಟ್ಟು ಗೊಣಗುವುದು ಬೇರೆ. ಹದಿನೈದು ಅಡಿ ಎತ್ತರದಿಂದ, ಮಾಸ್ಕಿನೊಳಗಿಂದ ಗೊಣಗಿದರೆ ಅದನ್ನು ಗೊಣಗುವುದು ಅನ್ನುವುದಿಲ್ಲ, ಭಾಷಣ ಅನ್ನುತ್ತಾರೆ. ಕೆಳಗೆ ಹೆಂಡತಿ ಹಸುವನ್ನು ಕೊಟ್ಟಿಗೆಯ ಹೊರಗೆ ಕಟ್ಟಿ, ಕಾವು ಕೊಟ್ಟು ಕೂತಿದ್ದಳು. ಗೇಟಿನಲ್ಲಿ ಭಾವ. ಎದುರುಮನೆಯ ಮೇಷ್ಟ್ರು ಗಿಡಕ್ಕೆ ನೀರು ಹಾಕುವ ನೆಪದಲ್ಲಿ ಒಂದೇ ಕುಂಡವನ್ನು ಮುಳುಗಿಸುತ್ತಿದ್ದರು.

ಗೊಣಗಣ್ಣ ಗಂಟಲು ಸರಿಮಾಡಿಕೊಂಡ. “ಮೇಡಂ... ಇವತ್ತು ಬಿಸಿಲು ಚೆನ್ನಾಗಿದೆ.”

ಮೇಡಂ ಕಿವಿ ಅಲ್ಲಾಡಿಸಿತು. ಹಾಲಿಲ್ಲ.

“ನಮ್ಮ ಭಾವನೋರು ಎಂಥ ಒಳ್ಳೆ ಮನುಷ್ಯರು ಅಲ್ವಾ ಮೇಡಂ?”

ಮೇಡಂ ಕಾಲು ಝಾಡಿಸಿತು. ಬಕೆಟ್ಟು ತಪ್ಪಿದ್ದು ಕೂದಲೆಳೆಯಲ್ಲಿ.

“ರೀ, ಅದೇನು ಸನ್ಮಾನ ಸಮಾರಂಭ ಮಾಡ್ತಿದೀರ?” ಕೆಳಗಿನಿಂದ ಹೆಂಡತಿ ಗದರಿದಳು. “ದಿನಾ ಏನು ಹೇಳ್ತೀರೋ ಅದನ್ನೇ ಹೇಳಿ! ನೋಡಿ, ನೋವಿಗೆ ನಡುಗ್ತಾ ಇದೆ ಪಾಪ.”

ಅವನು ಬಗ್ಗಿ ನೋಡಿದ. ನಿಜ, ಮೇಡಂ ಹಿಂಗಾಲು ಅಗಲಿಸಿ ನಿಂತು ನಡುಗುತ್ತಿತ್ತು. ಒಂದು ಕಡೆ ಕೆಚ್ಚಲು, ಇನ್ನೊಂದು ಕಡೆ ಇಪ್ಪತ್ತಾರು ವರ್ಷ ಕಾಪಾಡಿಕೊಂಡು ಬಂದ ಸಾಧು ಗಂಡನೆಂಬ ಬಿರುದು. ಬಿರುದು ಹೋದರೆ ಹಾಲೇನೂ ಹೋಗುವುದಿಲ್ಲ ಎಂದು ಲೆಕ್ಕ ಹಾಕಿ, ಕಣ್ಣು ಮುಚ್ಚಿ ಶುರು ಮಾಡಿದ.

“ಕೇಳಿದ್ಯಾ ಮೇಡಂ, ಆ ಮನುಷ್ಯ ಮತ್ತೆ ಬಂದಿದಾನೆ. ಹನ್ನೊಂದು ವರ್ಷದ ಹಿಂದೆ ನಮ್ಮ ಏಣಿ ತಗೊಂಡೋದ. ಆಮೇಲೆ ಅದನ್ನ ನಮಗೇ ಎರವಲು ಕೊಡ್ತಾನೆ, ಜೋಪಾನ ಅಂತ ಬೇರೆ ಹೇಳ್ತಾನೆ...”

ಚುರ್ ಎಂದು ಒಂದು ಗೆರೆ ಹಾಲು ಬಕೆಟ್ಟಿನ ತಳಕ್ಕೆ ಬಡಿಯಿತು.

“ಬಂತು!” ಎಂದಳು ಹೆಂಡತಿ. “ಬಂತು ರೀ, ನಿಲ್ಲಿಸಬೇಡಿ!”

“ಏನಮ್ಮ ಇದು, ಏಣಿ ವಿಷಯ ಈಗ ಯಾಕೆ...” ಎಂದು ಭಾವ ಬಾಯಿ ತೆಗೆದ.

“ಅಣ್ಣ, ಸುಮ್ನಿರು. ಹಾಲು ಇಳೀತಿದೆ.”

ದನಿ ಕೇಳಿದ ದನ ಕಣ್ಣು ಅರೆಮುಚ್ಚಿತು. ಗೊಣಗಣ್ಣನಿಗೂ ಲಯ ಸಿಕ್ಕಿತು. ಮೇಷ್ಟ್ರು ಬೆಳಿಗ್ಗೆ ನಮ್ಮ ಪೇಪರನ್ನು ಮೊದಲು ಓದಿ, ಇಸ್ತ್ರಿ ಹಾಕಿದಷ್ಟು ನೀಟಾಗಿ ಮಡಚಿ ಎಸೆಯುವುದು ಬಂತು. ಎದುರುಮನೆಯಲ್ಲಿ ನೀರಿನ ಸದ್ದು ನಿಂತಿತು. ಹೆಂಡತಿ ಆರಿಸಿ ಮನೆಗೆ ಬಳಿಸಿದ ಬಣ್ಣ ಬಂತು. “ಕೆಮ್ಮಿನ ಔಷಧಿ ಬಣ್ಣ ಮೇಡಂ ಅದು! ಆರು ವರ್ಷದಿಂದ ಚೆನ್ನಾಗಿದೆ, ಚೆನ್ನಾಗಿದೆ ಅಂತಿದೀನಿ. ಗೇಟು ತೆಗೆದಾಗೆಲ್ಲ ಎರಡು ಚಮಚ ಕುಡಿದ ಹಾಗಾಗುತ್ತೆ. ಆಮೇಲೆ ಅವಳು ಹೆಣೆದ ಆ ಸ್ವೆಟರು. ಒಂದು ತೋಳು ಮೊಣಕೈಗೆ, ಇನ್ನೊಂದು ಮೊಣಕಾಲಿಗೆ. ಕಳೆದುಹೋಯ್ತು ಅಂತ ಹುಡುಕಿದ್ಲಲ್ಲ ಪಾಪ! ಎಲ್ಲಿ ಹೋಯ್ತು ಅಂತ ನಿನಗೆ ಗೊತ್ತು. ತಿಂದವಳು ನೀನೇ.”

ಕೆಳಗೆ ಒಂದು ಕ್ಷಣ ಕೈ ನಿಂತಿತು. ಆಮೇಲೆ ಮೊದಲಿಗಿಂತ ಜೋರಾಗಿ ಚುರ್ ಚುರ್ ಶುರುವಾಯಿತು. ಅಂಥ ಹಿಡಿತ ತನ್ನ ಕುತ್ತಿಗೆಗೆ ಸಿಕ್ಕದಿದ್ದುದು ಹದಿನೈದು ಅಡಿಯ ಪುಣ್ಯ ಎಂದುಕೊಂಡ ಗೊಣಗಣ್ಣ.

ಅವನು ನಿಲ್ಲಿಸಬಹುದಿತ್ತು. ಆದರೆ ಎಂಟು ವರ್ಷದ ಅಭ್ಯಾಸ; ಕಣ್ಣು ಬೇರೆ ಮುಚ್ಚಿತ್ತು. ದನಿ ತಾನಾಗಿ ಇಳಿಯಿತು.

“ರಿಪೋರ್ಟ್ ಬಂತಲ್ಲ ಮೇಡಂ, ನಿನಗೆ ಅಂಟಿತಾ ಅಂತ ಕೇಳಿದ್ರು. ಎಲ್ಲರೂ ಕೇಳಿದ್ರು. ನಿನಗೆ ಮಾಸ್ಕ್ ಹೊಲಿದ್ರು, ನಿನ್ನ ಸೀನು ಎಣಿಸಿದ್ರು. ಕೇಳ್ಲಿ, ಬೇಡ ಅನ್ನಲ್ಲ. ನನಗೆ ನಿನ್ನೆಯಿಂದ ಮೆಟ್ಟಿಲು ಹತ್ತಿದ್ರೆ ಎದೆ ಹಿಡಿಯುತ್ತೆ. ಯಾರಿಗೆ ಹೇಳ್ಲಿ? ನನಗೆ ಭಯ ಆಗ್ತಿದೆ ಮೇಡಂ.”

ಭಾವ ಗೇಟಿನ ಕಂಬಿಯನ್ನು, ಮುದ್ರೆ ಸರಿಯಾಗಿ ಬಿದ್ದಿದೆಯೇ ಎಂದು ನೋಡುವವನಂತೆ ದಿಟ್ಟಿಸುತ್ತಿದ್ದ. ಬಕೆಟ್ಟಿನಲ್ಲಿ ನೊರೆ ಏರುತ್ತಿತ್ತು.

ಹೆಂಡತಿ ತಲೆಯೆತ್ತಲಿಲ್ಲ. ಹಸುವಿನ ಹೊಟ್ಟೆಗೆ ಹಣೆ ಕೊಟ್ಟುಕೊಂಡೇ ಕೇಳಿದಳು: “ಈಗ ಉಸಿರಾಡೋಕೆ ಆಗ್ತಿದೆಯಾ?”

“ಕೂತಿದ್ರೆ ಆಗುತ್ತೆ.”

“ಅಣ್ಣ, ನಿಂತಿರೋದು ಸಾಕು. ಓಡಿಹೋಗಿ ಆ ಬೆರಳಿಗೆ ಹಾಕೋ ಯಂತ್ರ ತಗೊಂಡ್ಬಾ. ಇವರನ್ನ ನೋಡೋ ಡಾಕ್ಟ್ರಿಗೆ ಫೋನ್ ಮಾಡಿ ಬರ್ತಿದೀವಿ ಅಂತ ಹೇಳು. ಆಟೋನೂ ತರ್ಸು.” ಭಾವ ಓಡಿದ. ಮುದ್ರೆಯೊತ್ತಿದ ಮನುಷ್ಯ ಓಡಿದ್ದನ್ನು ಬೀದಿ ಅಂದೇ ಕಂಡಿದ್ದು. ಆಮೇಲೆ ಅವಳು ಮುಖವನ್ನು ತೋಳಿಗೆ ಒರೆಸಿಕೊಂಡು ಹೇಳಿದಳು: “ನೀವು ಕೂತ್ಕೊಂಡೇ ಹೇಳಿ. ಇನ್ನೂ ಎರಡು ಮೊಲೆ ಬಾಕಿ ಇದೆ. ಬಣ್ಣದ ವಿಷಯ ಪೂರ್ತಿ ಹೇಳಿ, ನಾನೂ ಕೇಳ್ತೀನಿ.”

ಯಂತ್ರದಲ್ಲಿ ಆಮ್ಲಜನಕದ ಅಂಕಿ ತೊಂಬತ್ತೊಂದಕ್ಕೆ ಇಳಿದಿತ್ತು. ಆಸ್ಪತ್ರೆಯವರು, ಇನ್ನೆರಡು ದಿನ ಸುಮ್ಮನಿದ್ದಿದ್ದರೆ ಕಷ್ಟವಿತ್ತು ಎಂದರು. ಸುಮ್ಮನಿರುವುದರಲ್ಲೇ ಹೆಸರು ಮಾಡಿದ್ದವನಿಗೆ ಇದು ಹೊಸ ಸಮಾಚಾರ. ಆರು ದಿನ ಆಮ್ಲಜನಕ ಹಾಕಿಸಿಕೊಂಡು ಮಲಗಿದ. ದಿನಕ್ಕೆರಡು ಸಲ ಹೆಂಡತಿ ಫೋನನ್ನು ಕೊಟ್ಟಿಗೆಯ ಮೊಳೆಗೆ ನೇತುಹಾಕುತ್ತಿದ್ದಳು. ಪಕ್ಕದ ಹಾಸಿಗೆಯ ರೋಗಿಗಳೆಲ್ಲ ಭಾವನ ಏಣಿಯ ಇತಿಹಾಸವನ್ನು ಬಾಯಿಪಾಠ ಮಾಡಿಕೊಂಡರು.

ಇಪ್ಪತ್ತು ದಿನ ಕಳೆದು, ವೈದ್ಯರು ಪೂರ್ಣ ವಾಸಿ ಎಂದ ಮೇಲೆ, ಗೊಣಗಣ್ಣ ಸಂಜೆ ಐದೂವರೆಗೆ ಅಂಗಿಯ ತೋಳು ಮಡಚಿಕೊಂಡು ಕೊಟ್ಟಿಗೆಗೆ ಬಂದ. ಹೆಂಡತಿ ಆಗಲೇ ಸ್ಟೂಲಿನ ಮೇಲಿದ್ದಳು. ಕೆನ್ನೆ ಮೇಡಂ ಹೊಟ್ಟೆಗೆ ಒತ್ತಿತ್ತು, ತುಟಿ ಅಲ್ಲಾಡುತ್ತಿತ್ತು, ಹಾಲು ಧಾರಾಕಾರ. ಮೇಡಂ ಅವನ ಕಡೆ ನೋಡಿ, ಇಷ್ಟು ದಿನ ತನಗೆ ಅರ್ಧ ಕಥೆ ಮಾತ್ರ ಹೇಳಿದವನು ಇವನೇ ಎಂಬಂತೆ ಮುಖ ತಿರುಗಿಸಿತು.

“ಏಳು, ನಾನು ಕರೀತೀನಿ” ಎಂದ ಗೊಣಗಣ್ಣ.

“ನೀವು ಸ್ವಲ್ಪ ಆ ಕಡೆ ಹೋಗ್ರಿ” ಎಂದಳು ಹೆಂಡತಿ. “ನಾವು ಮಾತಾಡ್ತಿದೀವಿ.”