ಮೂರನೆಯ ಸಾಲಿನಲ್ಲಿ ಹಾಸನ

ಮೆಡಿಕಲ್ ಸೀಟಿಗೆ ಕಾಲೇಜುಗಳ ಪಟ್ಟಿ ತುಂಬಲು ಅದು ಕಡೆಯ ದಿನ. ಅರಸೀಕೆರೆ ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಸೆಂಟರಿನಲ್ಲಿ ನಾನೂ ಅಪ್ಪನೂ ಕೂತಿದ್ದೆವು. ಇಡೀ ರಾಜ್ಯಕ್ಕೆ ಒಂದೇ ಅರ್ಜಿ. ಯಾವ ಕಾಲೇಜು ಮೊದಲು, ಯಾವುದು ಆಮೇಲೆ ಎಂದು ನಾವೇ ಸಾಲಾಗಿ ಹಾಕಬೇಕು. ನನ್ನ ರ‍್ಯಾಂಕಿಗೆ ಹಾಸನದ ಸರ್ಕಾರಿ ಕಾಲೇಜು ಸಿಕ್ಕರೂ ಸಿಕ್ಕೀತು, ತಪ್ಪಿದರೂ ತಪ್ಪೀತು. ತಪ್ಪಿದರೆ ಡಾಕ್ಟರ್ ಓದನ್ನು ಮರೆಯಬೇಕಿತ್ತು. ಖಾಸಗಿ ಕಾಲೇಜಿನ ಫೀಸು ಕಟ್ಟುವ ಶಕ್ತಿ ನಮ್ಮ ಮನೆಗಿರಲಿಲ್ಲ.

ನಾನು ಹೊರಗೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ ಅಪ್ಪ, ಅರ್ಜಿ ತುಂಬಿಕೊಡುತ್ತಿದ್ದ ಸೈಬರಿನ ಅಣ್ಣನಿಗೆ ಹೇಳಿ ಹಾಸನವನ್ನು ಮೂರನೆಯ ಸಾಲಿಗೆ ಇಳಿಸಿಬಿಟ್ಟಿದ್ದ. ಮೇಲಿನವೆರಡೂ ಖಾಸಗಿ ಕಾಲೇಜು, ನನ್ನ ರ‍್ಯಾಂಕಿಗೆ ಸಲೀಸಾಗಿ ಸಿಗುವಂಥವು. ನೋಡಿದವಳೇ ಅಪ್ಪನ ತೋಳು ಹಿಡಿದೆ.

“ಅಪ್ಪಾ, ಇದ್ಯಾಕಪ್ಪಾ ಹಿಂಗ್ ಮಾಡ್ದೆ?”

“ಸುಮ್ನಿರೇ. ಬೇಕಾದ್ದನ್ನ ಮೊದ್ಲೇ ಬಾಯ್ಬಿಟ್ಟು ಕೇಳಿದ್ರೆ ಯಾವನು ಕೊಡ್ತಾನೆ? ನಮ್ಮಾಸೆ ಅವ್ರ ಕಣ್ಣಿಗೆ ಬೀಳಬಾರ್ದು.”

ಕೊಬ್ಬರಿ ಮಾರಿ ಮಾರಿ ಕಲಿತ ಬುದ್ಧಿ ಅದು. ಮಂಡಿಯಲ್ಲಿ ವರ್ತಕರ ಮುಂದೆ ಅಪ್ಪ ಮನಸ್ಸಿನ ದರ ಬಾಯಿಬಿಟ್ಟವನೇ ಅಲ್ಲ. ಮಾರುವ ಮನಸ್ಸೇ ಇಲ್ಲದವನ ಹಾಗೆ ಮುಖ ತಿರುಗಿಸಿ ನಿಲ್ಲುತ್ತಿದ್ದ. ಕಂಪ್ಯೂಟರಿನ ಮುಂದೆಯೂ ಅದೇ ಆಟ ಹೂಡಿದ್ದನಲ್ಲ! ನನಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ಭಯ ಬಂತು. ಅಪ್ಪನಿಗೆ ಎದುರುತ್ತರ ಕೊಟ್ಟು ಗೊತ್ತಿಲ್ಲದವಳು ನಾನು. ಆದರೂ ಅಂದೇಬಿಟ್ಟೆ.

“ಇದು ಮಂಡಿಯಲ್ಲ ಕಣಪ್ಪ! ಮೇಲಿಂದು ಸಿಕ್ಬಿಟ್ರೆ ಕೆಳಗಿಂದನ್ನ ನೋಡೋದೇ ಇಲ್ಲ. ಹಾಸನ ಸಿಗೋ ಹಂಗಿದ್ರೂ ಕೈಬಿಟ್ಟು ಹೋಯ್ತದೆ.”

ಅಪ್ಪ ಸೈಬರಿನ ಅಣ್ಣನ ಮುಖ ನೋಡಿದ. “ಹೂಂ ಯಜಮಾನ್ರೇ, ಮಗಳು ಹೇಳೋದೇ ಸರಿ. ನೀವು ಹೇಳ್ದಂಗೆ ಹಾಕ್ದೆ ಅಷ್ಟೇ” ಎಂದ ಅವನು. “ಹಂಗಾದ್ರೆ ನೀನೇ ಹೇಳಿ ಹಾಕ್ಸು” ಎಂದ ಅಪ್ಪ. ಹಣೆಯ ಮೇಲೆ ಬೆವರು ಮೂಡಿತ್ತು.

ಹಾಸನ ಮೊದಲನೆಯ ಸಾಲಿಗೆ ಏರಿತು. ಖಾಸಗಿಯವೆರಡನ್ನೂ ತೆಗೆಸಿದೆ. “ಸಬ್ಮಿಟ್ ಒತ್ತಲಾ?” ಎಂದು ಅಣ್ಣ ಕೇಳಿದ. ಅಪ್ಪ ಅವನನ್ನು ತಡೆದು, ಕುರ್ಚಿಯಿಂದ ಎದ್ದ. ಅಂಗೈಗಳನ್ನು ಪಂಚೆಗೆ ಒರೆಸಿಕೊಂಡು ಕಂಪ್ಯೂಟರಿಗೆ ಕೈ ಮುಗಿದ.

“ಹಾಸನ ಕೊಡ್ರಪ್ಪಾ. ನಮ್ಗೆ ಬೇಕಾಗಿರೋದು ಅದೊಂದೇ.”

ಯಾರ ಮುಂದೆಯೂ ಅಪ್ಪ ಹೀಗೆ ಬಾಯಿಬಿಟ್ಟು ಬೇಡಿದ್ದನ್ನು ನಾನು ಕಂಡಿರಲಿಲ್ಲ. ಅಲ್ಲಿಯವರೆಗೆ ಸೀಟು ತಪ್ಪೀತೆಂದು ಹೆದರಿದ್ದೆ. ತಪ್ಪಿದರೆ ಇವನ ಮುಖ ಹೇಗೆ ನೋಡಲಿ ಅನ್ನುವ ಹೆದರಿಕೆ ಹುಟ್ಟಿದ್ದು ಆಗ.