ತಂಬಿಟ್ಟಿನೊಳಗಿನ ಸೊಪ್ಪು

ಹಂದನಕೆರೆ ಪಕ್ಕದ ಹಳ್ಳಿಯ ಬಸವರಾಜಪ್ಪನವರ ಹೆಸರೆತ್ತಿದರೆ ಜನಕ್ಕೆ ಅವರ ತೆಂಗಿನ ತೋಟಕ್ಕಿಂತ ಮೊದಲು ನೆನಪಾಗುತ್ತಿದ್ದುದು ಅವರು ಮುಚ್ಚಿಸಿದ ಹೆಂಡದಂಗಡಿ. ಅಂಗಡಿಯ ಮುಂದೆ ಜಮಖಾನ ಹಾಸಿಕೊಂಡು ಕೂತು, ಕುಡುಕರಿಂದ ಬೈಸಿಕೊಂಡು, ಕಡೆಗೂ ಬಾಗಿಲು ಹಾಕಿಸಿದ್ದರು. ಆಮೇಲೆ ಮನೆಮನೆಗೆ ಹೋಗಿ, ಅಮಲಿನ ಪದಾರ್ಥ ಮುಟ್ಟುವುದಿಲ್ಲವೆಂದು ಗಂಡಸರಿಂದ ಆಣೆ ಹಾಕಿಸಿಕೊಂಡಿದ್ದರು. ಭಂಗಿಸೊಪ್ಪು ಸೇದುತ್ತಿದ್ದ ಕುರಿಗಾಹಿ ಹುಚ್ಚಣ್ಣನನ್ನು ಅರಳೀಕಟ್ಟೆಯ ಮುಂದೆ ನಿಲ್ಲಿಸಿ ಛೀಮಾರಿ ಹಾಕಿದವರೂ ಅವರೇ. ಹೆಂಡತಿ ಗಿರಿಜಮ್ಮನಿಗೆ ಗಂಡನ ಈ ಹಟದ ಬಗ್ಗೆ ಒಳಗೊಳಗೇ ಹೆಮ್ಮೆಯಿತ್ತು.

ಕಾಯಿಲೆ ಬಂದದ್ದು ಬೆನ್ನುನೋವಿನ ವೇಷದಲ್ಲಿ. ಗ್ಯಾಸು ಎಂದರು, ಉಳುಕು ಎಂದರು, ನೀವಿಸಿದರು. ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಹೊಟ್ಟೆಯೊಳಗಿನ ಕ್ಯಾನ್ಸರ್ ಕೊಯ್ದು ತೆಗೆಯುವ ಹಂತ ದಾಟಿತ್ತು. ತಿಂದದ್ದು ದಕ್ಕುತ್ತಿರಲಿಲ್ಲ. ಕೂತರೆ ನಿಲ್ಲಬೇಕು, ನಿಂತರೆ ಮಲಗಬೇಕು. ಹಾಸಿಗೆ ಬಿಟ್ಟು ಹಜಾರದ ಕಪ್ಪು ಕಲ್ಲಿನ ಮೇಲೆ ಮಂಡಿ ಮಡಚಿ ಹೊರಳುತ್ತಿದ್ದರು. ಏರುದನಿಯಲ್ಲಿ ಊರನ್ನೇ ಅಂಕೆಯಲ್ಲಿಟ್ಟಿದ್ದ ಮನುಷ್ಯ ಬಾಯಿಗೆ ಟವೆಲು ತುರುಕಿಕೊಂಡು ನರಳುವುದನ್ನು ಗಿರಿಜಮ್ಮ ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದಳು.

ತಿಪಟೂರಿನ ಆಸ್ಪತ್ರೆಯಲ್ಲಿ ನೋವಿನ ಚಿಕಿತ್ಸೆ ನೋಡುವ ಡಾಕ್ಟರಮ್ಮ ಮಾರ್ಫಿನ್ ಮಾತ್ರೆ ಬರೆದುಕೊಟ್ಟಿದ್ದರು. ಅದು ಅಫೀಮಿನಿಂದ ಬರುವುದೆಂದು ತಿಳಿದದ್ದೇ ಬಸವರಾಜಪ್ಪ ಮುಟ್ಟಲಿಲ್ಲ. ಕೊಬ್ಬರಿ ವ್ಯಾಪಾರ ಬಿಟ್ಟು ಅಪ್ಪನ ಹಿಂದೆಯೇ ಓಡಾಡುತ್ತಿದ್ದ ಮಗ ಯೋಗೀಶ್ ಕೈಮುಗಿದು ಬೇಡಿಕೊಂಡ.

"ಊರಿಗೆಲ್ಲಾ ಆಣೆ ಹಾಕ್ಸಿ ಈಗ ನಾನೇ ಅಮಲು ತಿನ್ಲೇನ್ಲಾ? ಬುಡು, ಸಾಯೋವಾಗ್ಲಾದ್ರೂ ನೆಟ್ಟಗೆ ಸಾಯ್ತೀನಿ" ಎಂದರು.

ನೋವಿನಲ್ಲಿ ಸಾಯುವುದು ಅದ್ಯಾವ ನೆಟ್ಟಗೆ ಎಂದು ಗಿರಿಜಮ್ಮನಿಗೆ ಕೇಳಬೇಕೆನಿಸಿತು. ಗಂಡನ ಮಾತಿಗೆ ಎದುರಾಡಿ ಅಭ್ಯಾಸವಿರಲಿಲ್ಲ. ಕ್ಯಾನ್ಸರಿನವರಿಗೆ ಭಂಗಿಸೊಪ್ಪು ಕೊಟ್ಟರೆ ನೋವು ಮರೆತು ಉಣ್ಣುತ್ತಾರೆಂದು ಯಾರೋ ನೆಂಟರು ಮೊಬೈಲಿನಲ್ಲಿ ತೋರಿಸಿದ್ದು ತಲೆಯಲ್ಲಿ ಕೂತಿತ್ತು. ಒಂದು ಮಧ್ಯಾಹ್ನ ತೋಟದ ಆಳುಗಳಿಗೆ ಮಜ್ಜಿಗೆ ಕೊಟ್ಟುಬರುವ ನೆಪ ಮಾಡಿಕೊಂಡು, ಕೆರೆ ಏರಿಯ ಕೆಳಗೆ ಕುರಿ ಬಿಟ್ಟಿದ್ದ ಹುಚ್ಚಣ್ಣನ ಬಳಿ ಹೋದಳು.

ಅವನು ಹಳೆಯ ಅವಮಾನ ಎತ್ತಿ ಆಡುತ್ತಾನೆಂದು ಹೆದರಿದ್ದಳು. ಅವನು ಹೆದರಿದ್ದು ಪೊಲೀಸರಿಗೆ. ಸಿಕ್ಕಿಬಿದ್ದರೆ ತನ್ನ ಕುರಿ ಮೇಯಿಸುವವರೂ ಇಲ್ಲ ಎಂದು ಬಹಳ ಹೊತ್ತು ಕೊಸರಾಡಿದ. ಕಡೆಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಗಂಟು ತಂದುಕೊಟ್ಟ.

"ಸೇದೋದು ಬ್ಯಾರೆ, ತಿನ್ನೋದು ಬ್ಯಾರೆ ಗಿರಿಜಕ್ಕ. ಹೊಟ್ಟೆಗೋದ್ರೆ ನಿಧಾನಕ್ಕೆ ಏರ್ತದೆ. ಅಣ್ಣೋರಿಗೆ ಹೇಳಿ ಕೊಡಿ."

ಗಿರಿಜಮ್ಮ ಹೇಳಲಿಲ್ಲ. ಸೊಪ್ಪನ್ನು ತುಪ್ಪದಲ್ಲಿ ಬಾಡಿಸಿ, ಸೋಸಿ, ಆ ತುಪ್ಪದಲ್ಲಿ ತಂಬಿಟ್ಟು ಕಟ್ಟಿದಳು. ವಾಸನೆ ಅಡಗಲೆಂದು ಏಲಕ್ಕಿ ಹೆಚ್ಚಾಗಿ ಹಾಕಿದಳು. ಮೊದಲ ದಿನ ಚೂರೇ ಚೂರು ಕೊಟ್ಟಳು. ಸಂಜೆ ಬಸವರಾಜಪ್ಪ ತಾವಾಗಿಯೇ ಅನ್ನ ಸಾರು ಕೇಳಿದರು. ಉಂಡು ಹಾಗೆಯೇ ಗೋಡೆಗೊರಗಿ ನಿದ್ದೆ ಹೋದರು. ಅವರ ಹುಬ್ಬಿನ ಗಂಟು ಸಡಿಲಾದುದನ್ನು ನೋಡುತ್ತಾ ಕೂತ ಗಿರಿಜಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ತಾನು ಮಾಡಿದ್ದು ತಪ್ಪಲ್ಲ ಎಂಬ ಧೈರ್ಯ ಬಂದದ್ದು ಆಗಲೇ.

ಆ ಧೈರ್ಯವೇ ಕೆಡಿಸಿತು. ಮಾರನೆಯ ದಿನ ಬೆಳಿಗ್ಗೆ ಒಂದುಂಡೆ ಕೊಟ್ಟಳು. ಎಷ್ಟು ಹೊತ್ತಾದರೂ ನರಳಾಟ ನಿಲ್ಲಲಿಲ್ಲ. ಸಾಲದಾಯಿತೇನೋ ಎಂದು ಇನ್ನೊಂದು ಕೊಟ್ಟಳು. ಆಮೇಲೆ ಎರಡೂ ಒಟ್ಟಿಗೆ ಏರಿದವು. ಬಸವರಾಜಪ್ಪ ತಟ್ಟನೆ ಎದ್ದು ಕೂತು, ತೋಟದಲ್ಲಿ ಯಾರೋ ನಿಂತಿದ್ದಾರೆ, ತಮ್ಮನ್ನು ಕರೆದೊಯ್ಯಲು ಬಂದಿದ್ದಾರೆ ಎಂದರು. ಎದೆ ಹಾರುತ್ತಿತ್ತು, ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. ಹಿಡಿಯಲು ಹೋದ ಹೆಂಡತಿಯ ಗುರುತೂ ಸಿಗದೆ ಕೈ ಕೊಡವಿಕೊಂಡು ಹೊರಗೋಡಿದವರು ತೊಟ್ಟಿಯ ಬಳಿ ಮುಗ್ಗರಿಸಿ ಬಿದ್ದರು. ಹಣೆ ಒಡೆಯಿತು. ಯೋಗೀಶ್ ಕಾರಿನಲ್ಲಿ ಹಾಕಿಕೊಂಡು ತಿಪಟೂರಿಗೆ ಓಡಿಸಿದ.

ಏನು ತಿಂದಿದ್ದರು ಎಂದು ಡಾಕ್ಟರಮ್ಮ ಕೇಳಿದರು. ಗಿರಿಜಮ್ಮ ತಂಬಿಟ್ಟು ಎಂದಷ್ಟೇ ಹೇಳಿದಳು. ಗೊತ್ತಿಲ್ಲದೆ ಬೇರೆ ಔಷಧಿ ಕೊಟ್ಟರೆ ಜೀವಕ್ಕೇ ಅಪಾಯ ಎಂದು ಅವರು ಗದರಿಸಿದಾಗ, ಮಗನೆದುರು, ಮಂಚದ ಮೇಲಿನ ಗಂಡನೆದುರು, ಎಲ್ಲವನ್ನೂ ಹೇಳಿದಳು. ಸೊಪ್ಪು ಕೊಟ್ಟವನ ಹೆಸರೊಂದನ್ನು ಮಾತ್ರ ಹೇಳಲಿಲ್ಲ. ಡಾಕ್ಟರಮ್ಮ ಬಯ್ದರು. ಅದು ಕಾನೂನಿಗೆ ವಿರುದ್ಧ, ಅದರಲ್ಲಿ ಎಷ್ಟು ಸತ್ವವಿದೆಯೋ ಕೊಟ್ಟವನಿಗೂ ತಿಳಿದಿರುವುದಿಲ್ಲ ಎಂದರು. ಆಮೇಲೆ ತಾವೇ ತಣ್ಣಗಾಗಿ, ಆ ಗಿಡದ್ದೇ ಎಣ್ಣೆಯನ್ನು ಪರವಾನಗಿ ಇರುವ ಆಯುರ್ವೇದದವರು ಅಳತೆ ಮಾಡಿ ಚೀಟಿಯ ಮೇಲೆ ಕೊಡುತ್ತಾರೆ, ಕೆಲವರಿಗೆ ವಾಂತಿ ನಿಂತು ನಿದ್ದೆ ಬರುತ್ತದೆ, ಎಲ್ಲರಿಗೂ ಅಲ್ಲ, ಇಂಥ ನೋವಿಗೆ ಮಾರ್ಫಿನ್ನೇ ಆಧಾರ ಎಂದು ವಿವರಿಸಿದರು.

ಅಮಲಿಳಿಯುತ್ತಾ ಎಲ್ಲವನ್ನೂ ಕೇಳಿಸಿಕೊಂಡಿದ್ದ ಬಸವರಾಜಪ್ಪ ಗೋಡೆಯ ಕಡೆ ಮುಖ ಮಾಡಿದ್ದರು. ಊರಿಗೆ ಬಂದ ಮೇಲೂ ಎರಡು ದಿನ ಹೆಂಡತಿಯೊಡನೆ ಮಾತಾಡಲಿಲ್ಲ. ಹುಚ್ಚಣ್ಣ ಕುರಿಮಂದೆ ಹೊಡೆದುಕೊಂಡು ಎತ್ತಲೋ ಹೋಗಿಬಿಟ್ಟಿದ್ದ. ಮೂರನೆಯ ದಿನ ಗಿರಿಜಮ್ಮ ಗಂಜಿ ತಂದಿಟ್ಟಾಗ ಅವರು ಬಟ್ಟಲು ನೋಡಿದರು, ಮುಟ್ಟಲಿಲ್ಲ.

"ಇದ್ರಲ್ಲೇನೈತೆ?"

"ಏನೂ ಇಲ್ಲ ಕಣ್ರೀ. ನಿಮ್ಮ ಸಂಕಟ ನೋಡಕ್ಕಾಗ್ದೆ ಹಂಗ್ ಮಾಡ್ದೆ."

"ಬ್ಯಾಡ ಅಂದಿದ್ದೆ. ಬ್ಯಾಡ ಅನ್ನಾದೊಂದೇ ನನ್ ಕೈಲಿ ಉಳಿದಿದ್ದು. ಅದನ್ನೂ ಕಿತ್ಕೊಂಡ್ಯಲ್ಲೇ."

ಅಂದು ಅವಳು ಮೊದಲ ಸಲ ಗಂಡನಿಗೆ ಎದುರು ಕೂತು ಮಾತಾಡಿದಳು. ಗೋಡೆಯಾಚೆ ಆ ನರಳಾಟ ಕೇಳುತ್ತಾ ಒಲೆಯ ಮುಂದೆ ಕೂತವರ ಪಾಡೇನು ಎಂದು ಕೇಳಿದಳು. ಆಣೆ ನಿಮ್ಮದು, ಅದರ ನೋವು ನನ್ನ ಪಾಲಿಗೂ ಬಂತು ಎಂದಳು. ವಾರ ಕಳೆಯುವುದರೊಳಗೆ ಬಸವರಾಜಪ್ಪ ಮಗನನ್ನು ಕರೆದು, ಡಾಕ್ಟರಮ್ಮ ಹೇಳಿದ ಮಾತ್ರೆಯನ್ನೂ ಎಣ್ಣೆಯನ್ನೂ ತರಲು ಹೇಳಿದರು. ತೆಗೆದುಕೊಳ್ಳುವುದನ್ನು ಯಾರಿಂದಲೂ ಬಚ್ಚಿಡಕೂಡದೆಂದರು. ನೋಡಲು ಬಂದವರ ಎದುರಿಗೇ ನಾಲಿಗೆ ಕೆಳಗೆ ಹನಿ ಬಿಟ್ಟುಕೊಂಡರು. ಒಬ್ಬಿಬ್ಬರು ಆಚೆ ಹೋಗಿ ನಕ್ಕರು. ಅದು ಅವರ ಕಿವಿಗೂ ಬಿತ್ತು.

ನೋವು ಪೂರ್ತಿ ಹೋಗಲಿಲ್ಲ, ತಡೆಯುವಷ್ಟಾಯಿತು. ವಾಂತಿ ಇಳಿಯಿತು. ಕಾರ್ತಿಕದ ತನಕ ಇದ್ದರು. ಕೆಲವು ಬೆಳಗುಗಳಲ್ಲಿ ಯೋಗೀಶನ ತೋಳು ಹಿಡಿದು ತೋಟದವರೆಗೂ ಹೋಗಿಬರುತ್ತಿದ್ದರು. ಹೆಂಡತಿಯನ್ನು ಹತ್ತಿರ ಕೂರಿಸಿಕೊಂಡು ಹಳೆಯ ಮಾತು ತೆಗೆದು ನಗುತ್ತಿದ್ದುದೂ ಉಂಟು. ಆದರೆ ಅವಳು ಏನೇ ಬಡಿಸಿದರೂ, ಬಾಯಿಗಿಡುವ ಮೊದಲು ಅವರ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ಬೇಕೆಂದು ಮಾಡುತ್ತಿದ್ದುದಲ್ಲ, ಅವರಿಗೇ ಅದು ತಿಳಿದಿರಲಿಲ್ಲವೇನೋ.

ಮಣ್ಣಿಗೆ ಬಂದವರೆಲ್ಲ, ನೀನು ನೋಡಿಕೊಂಡ ಹಾಗೆ ಯಾರು ನೋಡಿಕೊಳ್ಳುತ್ತಾರೆ ಎಂದು ಗಿರಿಜಮ್ಮನ ಕೈ ಹಿಡಿದರು. ಅವಳು ತಲೆ ಆಡಿಸಿದಳು. ಆ ನಿಂತ ಕೈಯ ವಿಷಯ ಯಾರಿಗೆ ಹೇಳುವುದು?