ನೋಡದೆ ಹಿಡಿದ ರೂಮು

ಕಳೆದ ಫೆಬ್ರವರಿಯ ಎರಡನೆಯ ಶುಕ್ರವಾರ, ಬೆಳಗ್ಗೆ ಎಂಟು ಗಂಟೆ. ಸ್ಥಳ, ಸಿಂಗಪುರದ ಒಂದು ಲಾಡ್ಜಿನ ಮುಂಬಾಗಿಲು. ಹಾಜರಿದ್ದವರು ನಾನು, ನನ್ನ ಹೆಂಡತಿ, ಅವಳ ತಮ್ಮ. ಸಾಮಾನೆಲ್ಲ ಸರಿಯಾಗಿ ಬಂದಿತ್ತು. ವಿಮಾನವೂ ಹೊತ್ತಿಗೆ ಸರಿಯಾಗಿ ಇಳಿದಿತ್ತು. ರೂಮು ಮಾತ್ರ ಇರಲಿಲ್ಲ.

ಇರಲಿಲ್ಲ ಎಂದರೆ, ನಮ್ಮ ಹೆಸರಿನಲ್ಲಿ ಒಂದು ರೂಮು ಇತ್ತು. ಅದನ್ನು ಮಧ್ಯಾಹ್ನ ಮೂರಕ್ಕೆ ಮೊದಲು ಕೊಡುವುದಿಲ್ಲ ಎಂದು ಕೌಂಟರಿನ ಹೆಂಗಸು ನಗುನಗುತ್ತಲೇ ಹೇಳಿದಳು. ನಾನು ನಲವತ್ತು ವರ್ಷ ಯಾತ್ರೆ ಮಾಡಿದವನು. ನಮ್ಮ ಕಡೆ ಬೆಳಗಿನ ಜಾವ ಬಸ್ಸಿಳಿದು ಲಾಡ್ಜಿನ ಬಾಗಿಲು ತಟ್ಟಿದರೆ ಕಣ್ಣುಜ್ಜಿಕೊಂಡಾದರೂ ಬೀಗದ ಕೈ ಕೊಡುತ್ತಾರೆ. ಆ ಗಳಿಗೆಯಿಂದ ಇಪ್ಪತ್ನಾಲ್ಕು ಗಂಟೆ ನಮ್ಮದು. ಪ್ರಯಾಣ ಮಾಡಿ ಬಂದವನಿಗೆ ಮೊದಲು ಬೇಕಾದದ್ದು ಬಚ್ಚಲು. ಇಷ್ಟು ತಿಳಿಯದವರು ಲಾಡ್ಜು ಯಾಕೆ ಇಡಬೇಕು?

ಬಚ್ಚಲು ನನಗಿಂತ ನನ್ನ ಹೆಂಡತಿಗೆ ಬೇಕಿತ್ತು. ಸ್ನಾನವಾಗದೆ ಅವಳು ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆಯುವುದಿಲ್ಲ. ಲಿಂಗಪೂಜೆ ಆಗದೆ ಬಾಯಿಗೆ ನೀರನ್ನೂ ಹಾಕುವುದಿಲ್ಲ. ಅವಳಿಗೆ ಸಕ್ಕರೆ ಕಾಯಿಲೆ. ಮನೆಯಲ್ಲಿ ಎಂಟಕ್ಕೆ ತಿಂಡಿ, ಜೊತೆಗೆ ಮಾತ್ರೆ. ಆ ಕ್ರಮ ತಪ್ಪಿದರೆ ಮೊದಲು ಕೈ ನಡುಗುತ್ತದೆ, ಆಮೇಲೆ ಕಣ್ಣು ಕತ್ತಲೆ ಬರುತ್ತದೆ. ಒಂದು ಸಲ ಶೆಟ್ಟಿಕೆರೆಯ ಮದುವೆ ಮನೆಯಲ್ಲಿ ಹಾಗೇ ಕುಸಿದು ಬಿದ್ದಿದ್ದಳು.

"ಭಾವ, ಊರಲ್ಲಿ ಇನ್ನೂ ಐದೂವರೆ ಕಣ್ರೀ. ಅಕ್ಕನ ತಿಂಡಿ ಹೊತ್ತಿಗೆ ಬೇಕಾದಷ್ಟು ಟೈಮ್ ಐತೆ ಬುಡಿ" ಎಂದ ಅವಳ ತಮ್ಮ. ಅವನದು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ. ಕೊಬ್ಬರಿ ಪುಡಿ ಮಾಡುವ ಯಂತ್ರ ನೋಡಲು ಹೊರಟಿದ್ದ. ಜೊತೆಗೆ ನೀವೂ ಬನ್ನಿ ಎಂದು ಅಕ್ಕನನ್ನು ಹೊರಡಿಸಿದ್ದ. ನನ್ನನ್ನು ಹೊರಡಿಸಲು ಅವನಿಂದ ಆಗಲಿಲ್ಲ. ಅಕ್ಕ ಹೊರಟ ಮೇಲೆ ನಾನೂ ಹೊರಟೆ.

"ಮೂರು ಗಂಟೆಗೆ ಊರಲ್ಲಿ ಎಷ್ಟಾಗುತ್ತೋ ಲೆಕ್ಕ ಹಾಕಿ ಹೇಳ್ಲಾ" ಎಂದೆ. ಅವನು ಬೆರಳು ಮಡಿಸಿ ಎಣಿಸಿ, "ಹನ್ನೆರಡೂವರೆ" ಎಂದ.

ನಾನು ಕೌಂಟರಿಗೆ ಹಿಂತಿರುಗಿ, ಹೋಗಲಿ, ರೂಮನ್ನಾದರೂ ತೋರಿಸಿ ಎಂದೆ. ಒಳಗೆ ಜನ ಇದ್ದಾರೆ, ತೋರಿಸಲಾಗದು, ಬೇಕಾದರೆ ಇದನ್ನು ನೋಡಿ ಎಂದು ಮೊಬೈಲಿನಲ್ಲಿ ಒಂದು ಫೋಟೋ ಹಿಡಿದಳು. ಬಾಡಿಗೆಯನ್ನು ಮಾತ್ರ ಪೂರ್ತಿ ಈಗಲೇ ಕಟ್ಟಬೇಕಂತೆ.

ಇಲ್ಲಿ ನನಗೆ ರೇಗಿತು. ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ಕೊಳ್ಳುವವನು ಮೂಟೆಯೊಳಗೆ ಕೈ ಹಾಕಿ, ತಳದಿಂದ ಒಂದು ಗಿಟುಕು ತೆಗೆದು, ಒಡೆದು, ಬೂಷ್ಟು ಹಿಡಿದಿದೆಯೇ ಎಂದು ನೋಡಿಯೇ ರೇಟು ಮಾತಾಡುವುದು. ನಾನೂ ಲಾಡ್ಜಿನಲ್ಲಿ ಹಾಗೆಯೇ. ಮೊದಲು ನಲ್ಲಿ ತಿರುಗಿಸುತ್ತೇನೆ, ಹಾಸಿಗೆಯ ತುದಿ ಎತ್ತುತ್ತೇನೆ, ಕಿಟಕಿ ತೆಗೆದು ಮುಚ್ಚುತ್ತೇನೆ. ಆಮೇಲೆ ದುಡ್ಡು. ಫೋಟೋದಲ್ಲಿ ನಲ್ಲಿ ತಿರುಗಿಸುವುದು ಹೇಗೆ? ಬೇರೆ ಕಡೆ ನೋಡುತ್ತೇವೆ ಎಂದು ಹೇಳಿ ಸೂಟ್‌ಕೇಸು ಎತ್ತಿಕೊಂಡೆ.

"ಭಾವ, ಬ್ಯಾಡ ಭಾವ. ಇರೋದ್ರಲ್ಲಿ ಇದೇ ಅಗ್ಗ" ಎಂದು ಅವನು ತೋಳು ಹಿಡಿದ.

"ನೀನು ಕೊಬ್ಬರೀನ ಫೋಟೋ ನೋಡಿ ಕೊಳ್ತೀಯೇನ್ಲಾ?"

"ಅದು ಕೊಬ್ಬರಿ, ಇದು ರೂಮು."

"ಎರಡಕ್ಕೂ ಕೊಡೋದು ದುಡ್ಡೇ ತಾನೇ? ನಡಿ."

ನಡೆದೆವು. ಎರಡನೆಯ ಲಾಡ್ಜಿನವನು ಕೇಳುವ ಮೊದಲೇ ಹೇಳಿಬಿಟ್ಟ, ಅಗ್ಗದ ರೂಮಿಗೆ ಕಿಟಕಿ ಇರುವುದಿಲ್ಲ ಎಂದು. ಕಿಟಕಿಯಿಲ್ಲದ್ದನ್ನು ನಮ್ಮ ಕಡೆ ಉಗ್ರಾಣ ಎನ್ನುತ್ತಾರೆ. ಕೊಡುವುದು ಅಲ್ಲಿಯೂ ಮೂರಕ್ಕೇ. ಮೂರನೆಯದರಲ್ಲಿ ರೂಮುಗಳೇ ಇಲ್ಲ, ದೊಡ್ಡ ಹಾಲಿನಲ್ಲಿ ಗೋಡೆಯುದ್ದಕ್ಕೂ ಒಂದರ ಮೇಲೊಂದು ಮರದ ಗೂಡು, ಗೂಡಿಗೊಬ್ಬರು. ಹೊರಗಿನಿಂದಲೇ ಇಣುಕಿ ನೋಡಿದ ನನ್ನ ಭಾವಮೈದುನನಿಗೆ ಖುಷಿಯೋ ಖುಷಿ.

"ಅಕ್ಕ, ಅಟ್ಟದ ಮೇಲೆ ಕಾಯಿ ಹಾಕ್ದಂಗೆ ಹಾಕವ್ರೆ ನೋಡು. ವರ್ಷ ಬಿಟ್ಟು ಬಂದ್ರೆ ಎಲ್ಲಾ ಕೊಬ್ಬರಿ ಆಗಿರ್ತಾರೆ."

ಅವಳು ನಕ್ಕಳು. ಬೆಳಗಿನಿಂದ ನಕ್ಕದ್ದು ಅದೊಂದೇ ಸಲ. ನಾನು ಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿ ಚಾಪೆಗೆ ಚಾಪೆ ತಾಗಿಸಿ ಮಲಗಿ ಓದಿದವನು. ನಾಲ್ಕೂವರೆಗೆ ಗಂಟೆ, ಐದಕ್ಕೆ ತಣ್ಣೀರ ಸ್ನಾನ, ಆರಕ್ಕೆ ಪ್ರಾರ್ಥನೆ. ಆಮೇಲೆ ಡ್ರಿಲ್ ಮೇಷ್ಟ್ರಾಗಿ ಅದೇ ಕ್ರಮವನ್ನು ಊರ ಮಕ್ಕಳಿಗೆಲ್ಲ ಕಲಿಸಿದವನು. ಗೂಡಿನಲ್ಲಿ ಮಲಗಲು ನನಗೇನೂ ಹಿಂಜರಿಕೆಯಿಲ್ಲ, ಬಚ್ಚಲು ಈಗಲೇ ಸಿಕ್ಕರೆ ಸಾಕು ಎಂದೆ. ಅಲ್ಲಿದ್ದವನು ನಮ್ಮಿಬ್ಬರ ಪಾಸ್‌ಪೋರ್ಟು ತಿರುವಿ ನೋಡಿ, ವಯಸ್ಸಾದವರಿಗೆ ಇಲ್ಲಿ ಜಾಗ ಕೊಡುವುದಿಲ್ಲ ಎಂದ. ಭಾವಮೈದುನನಿಗೆ ಕೊಡುತ್ತಾನಂತೆ! ಮೂರು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಅವನಿಗೆ ಜಾಗವಿದೆ, ದಿನಾ ಐದು ಮೈಲಿ ನಡೆಯುವ ನನಗಿಲ್ಲ.

ನಾಲ್ಕನೆಯದರ ಬಾಡಿಗೆ ಕೇಳಿ ನಾನೇ ಹಿಂದೆ ಸರಿದೆ. ಐದನೆಯದು ಭರ್ತಿ. ಬಿಸಿಲು ಏರಿತು. ಅಲ್ಲಿನ ಸೆಖೆ ನಮ್ಮ ಬಯಲುಸೀಮೆಯದ್ದಲ್ಲ. ಬಿಸಿನೀರ ಹಂಡೆಯ ಪಕ್ಕ ನಿಂತ ಹಾಗೆ, ಬೆವರು ಆರುವುದೇ ಇಲ್ಲ. ಕೊನೆಗೆ ಸೋತು ಮೊದಲನೆಯ ಲಾಡ್ಜಿಗೇ ಹೋದೆವು. ಹೆಂಗಸು ಅದೇ ನಗೆ ನಕ್ಕಳು. ನಾವು ಬಿಟ್ಟ ರೂಮನ್ನು ಬೇರೆ ಯಾರೋ ಫೋನಿನಲ್ಲೇ ಹಿಡಿದು ದುಡ್ಡು ಕಟ್ಟಿಯಾಗಿತ್ತು. ನೋಡದೆ!

ಆಗ ಹನ್ನೆರಡಾಗಿತ್ತು. ಎದುರಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ನನ್ನ ಹೆಂಡತಿ ಕೂತಳು. ನೀರಿನ ಬಾಟಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು, ಮುಚ್ಚಳ ತೆಗೆದಿರಲಿಲ್ಲ. ಬಾಟಲಿ ಹಿಡಿದ ಕೈ ಸಣ್ಣಗೆ ನಡುಗುತ್ತಿತ್ತು.

"ಒಂದು ಬಾಳೆಹಣ್ಣು ತಿನ್ನು. ಪರದೇಶ ಕಣೇ ಇದು. ಶಿವ ಏನೂ ಅಂದ್ಕೊಳ್ಳಲ್ಲ."

"ಶಿವ ಅಂದ್ಕೊಳ್ಳಲ್ಲ ಕಣ್ರೀ. ನಾನು ಅಂದ್ಕೋತೀನಲ್ಲ."

"ಬಿದ್ದುಗಿದ್ದರೆ ಇಲ್ಲಿ ಯಾರನ್ನ ಕೂಗಲಿ?"

ಅವಳು ರಸ್ತೆಯ ಆಚೆ ಬದಿಯನ್ನೇ ನೋಡುತ್ತಿದ್ದಳು. ನಾನು ಸಿಟ್ಟಿನಿಂದ ಸೂಟ್‌ಕೇಸಿನ ಚಕ್ರಕ್ಕೆ ಸಿಕ್ಕಿದ್ದ ಎಲೆ ಬಿಡಿಸುತ್ತಿದ್ದೆ. ಭಾವಮೈದುನ ಮೊಬೈಲು ಉಜ್ಜುತ್ತಿದ್ದ. ಆಗ ಅವಳು, "ಅಲ್ಲಿ ನೋಡಿ, ಆ ಕಟ್ಟಡದಿಂದ ಬರೋ ಹೆಂಗಸರೆಲ್ಲ ತಲೆಕೂದಲು ಒದ್ದೆ ಮಾಡ್ಕೊಂಡು ಬತ್ತಾವ್ರೆ. ಒಬ್ಬಳಲ್ಲ, ಇಬ್ಬರಲ್ಲ" ಎಂದಳು.

ನೋಡಿದೆ. ಹೌದು. ಕೈಯಲ್ಲಿ ಚೀಲ, ಹೆಗಲ ಮೇಲೆ ಟವಲು.

"ಅಲ್ಲಿ ನೀರೈತೆ. ನಡೀರಿ" ಎಂದು ಎದ್ದೇ ಬಿಟ್ಟಳು.

ಅದು ಊರವರೆಲ್ಲ ಬಂದು ಈಜುವ ಸಾರ್ವಜನಿಕ ಕೊಳ. ಬಾಗಿಲಲ್ಲಿ ಕೇಳಿದ್ದು ಕಾಫಿಯ ದುಡ್ಡಿಗಿಂತ ಕಡಿಮೆ. ಈಜಲೇಬೇಕೇ ಎಂದು ಕೇಳಿದೆ, ನಿಮ್ಮಿಷ್ಟ ಎಂದರು. ಹೆಂಗಸರ ಕಡೆ ಸಾಲಾಗಿ ಬಚ್ಚಲುಗಳು, ಬಾಗಿಲು, ಚಿಲಕ. ಅವಳು ಒಗೆದ ಸೀರೆ ತೆಗೆದುಕೊಂಡು ಒಳಗೆ ಹೋದಳು. ನಾನು ಹೊರಗೆ ಕಿವಿಗೊಟ್ಟು ನಿಂತೆ. ಒಳಗೆ ಬಿದ್ದರೆ ಸದ್ದಾದರೂ ಕೇಳಿಸಲಿ ಎಂದು. ಬರುವ ಹೋಗುವ ಹೆಂಗಸರು ನನ್ನನ್ನು ವಿಚಿತ್ರವಾಗಿ ನೋಡಿದರು. ನೋಡಲಿ.

ಹೊರಬಂದವಳು ಕೊಳದ ಬದಿಯ ಮೆಟ್ಟಿಲ ಮೇಲೆ ಕೂತು, ಹಣೆಗೆ ವಿಭೂತಿ ಹಚ್ಚಿ, ಎಡಗೈಯ ಮೇಲೆ ಲಿಂಗವಿಟ್ಟುಕೊಂಡಳು. ಕೈ ನಡುಗುತ್ತಿದ್ದುದರಿಂದ ಕೆಳಗೆ ನನ್ನ ಅಂಗೈ ಒಡ್ಡಿ ಆಸರೆ ಕೊಟ್ಟೆ. ಎದುರಿಗೆ ಚಡ್ಡಿ ತೊಟ್ಟ ಮುದುಕರು ಅತ್ತಿಂದಿತ್ತ ಈಜುತ್ತಿದ್ದರು. ಅವಳಿಗೆ ಅವರು ಯಾರೂ ಕಾಣಲಿಲ್ಲ. ಎಂದಿನ ಪೂಜೆ, ಎಂದಿನಷ್ಟೇ ಹೊತ್ತು. ಒಂದು ಮಂತ್ರವನ್ನೂ ಬಿಡಲಿಲ್ಲ. ಆಮೇಲೆ ಮನೆಯಿಂದ ತಂದಿದ್ದ ಡಬ್ಬಿ ಬಿಚ್ಚಿ ಚಪಾತಿಗೆ ಚಟ್ನಿಪುಡಿ ಹಚ್ಚಿಕೊಂಡು ತಿಂದಳು, ಮಾತ್ರೆ ನುಂಗಿದಳು. ಎರಡನೆಯ ಚಪಾತಿಯ ಹೊತ್ತಿಗೆ ಕೈಯ ನಡುಕ ನಿಂತಿತು. ಆಗ ನಾನೂ ಒಂದು ಚಪಾತಿ ತೆಗೆದುಕೊಂಡೆ.

ಭಾವಮೈದುನ ಆಗ ಶುರು ಮಾಡಿದ. "ಏರ್‌ಪೋರ್ಟಲ್ಲೇ ಸ್ನಾನಕ್ಕೆ ಜಾಗ ಐತೆ ಅಂತ ಬೋರ್ಡು ಇತ್ತು ಭಾವ."

"ಅಲ್ಲೇ ಬಾಯಿ ಬಿಡೋಕೆ ಏನಾಗಿತ್ತೋ ನಿನಗೆ?"

"ಬಿಟ್ಟೆ. ಲೆಫ್ಟ್ ರೈಟ್ ಅಂತ ಮುಂದಕ್ಕೆ ನಡೆಸ್ಕೊಂಡು ಹೋದ್ರಲ್ಲ, ಕೇಳಿಸ್ಕೊಂಡ್ರಾ?"

ಅವನ ಅಕ್ಕ ತಲೆ ಒರೆಸಿಕೊಳ್ಳುತ್ತ, "ಸಾಕು ಇಬ್ರೂ. ಇನ್ನೊಂದು ರೂಮು ನೋಡೋಕೆ ನಾನು ಬರಲ್ಲ. ಯಾವುದಾದ್ರೂ ಒಂದು ಹಿಡೀರಿ" ಎಂದಳು.

ಕಿಟಕಿಯಿಲ್ಲದ ಎರಡನೆಯ ಲಾಡ್ಜಿಗೆ ಅವನು ಮೊಬೈಲಿನಲ್ಲೇ ದುಡ್ಡು ಕಟ್ಟಿದ. ತನಗೆ ಗೂಡೊಂದನ್ನು ಮಾಡಿಕೊಂಡ. ನೋಡದೆ ಕೊಳ್ಳುವುದು ತಪ್ಪು ಎಂದು ನಾನು ಆಗಲೂ ಹೇಳಿದೆ, ಈಗಲೂ ಹೇಳುತ್ತೇನೆ.

ಮೂರಕ್ಕೆ ಬೀಗದ ಕೈ ಬಂತು. ಒಳಗೆ ಹೋಗಿ ನಲ್ಲಿ ತಿರುಗಿಸಿದೆ, ಬಿಸಿನೀರು ಬಂತು. ಹಾಸಿಗೆಯ ತುದಿ ಎತ್ತಿದೆ, ಚೊಕ್ಕವಾಗಿತ್ತು. ಗೋಡೆಗೆ ಒಂದು ಉದ್ದನೆಯ ಪರದೆ ಇಳಿಬಿಟ್ಟಿದ್ದರು. ಅಂತೂ ಕಿಟಕಿ ಇಟ್ಟಿದ್ದಾರಲ್ಲ ಎಂದುಕೊಂಡು ಎಳೆದೆ. ಹಿಂದೆ ಸುಣ್ಣ ಬಳಿದ ಗೋಡೆ. ಕಿಟಕಿಯೇ ಇಲ್ಲದ ಕಡೆ ಪರದೆ ಹಾಕುವ ಜನ!

ಅವಳು ಆಗಲೇ ಮಗ್ಗುಲಾಗಿ ನಿದ್ದೆ ಹೋಗಿದ್ದಳು. ಹಣೆ ಮುಟ್ಟಿ ನೋಡಿದೆ, ತಣ್ಣಗಿತ್ತು, ಉಸಿರು ಸಮವಾಗಿತ್ತು. ಕೊಳದ ಬಚ್ಚಲಲ್ಲಿ ಅವಳು ಒಗೆದು ಹಿಂಡಿದ್ದ ಸೀರೆ ಪ್ಲಾಸ್ಟಿಕ್ ಚೀಲದಲ್ಲಿ ಮುದುಡಿ ಮುಗ್ಗಲು ವಾಸನೆ ಹಿಡಿಯುತ್ತಿತ್ತು. ನಾನು ಎಲ್ಲಿಗೆ ಹೋದರೂ ಒಯ್ಯುವ ನಾರಿನ ಹಗ್ಗವನ್ನು ತೆಗೆದೆ. ಒಂದು ತುದಿಯನ್ನು ಬಾಗಿಲ ಕೊಕ್ಕೆಗೆ, ಇನ್ನೊಂದು ತುದಿಯನ್ನು ಆ ಪರದೆಯ ಸರಳಿಗೆ ಬಿಗಿದೆ. ಜೋರಾಗಿ ಜಗ್ಗಿ ನೋಡಿದೆ, ಗಟ್ಟಿಯಾಗಿತ್ತು. ಸೀರೆಯನ್ನು ಅಂಚಿಗೆ ಅಂಚು ಸೇರಿಸಿ ಹರವಿದೆ.